ಹಲ್ಮಿಡಿಯಿಂದ ಮಯೂರದವರೆಗೆ

ಪದವಿ ತರಗತಿಗೆ ಈಗಷ್ಟೇ ಸೇರಿರುವ ನಿಮಗೆ ಫೋನು ಹೊಸದಲ್ಲ, ಇಂಟರ್ನೆಟ್ಟೂ ಹೊಸದಲ್ಲ. ಅದನ್ನು ಓದಿಗೆ ಬಳಸಿಕೊಳ್ಳುವ ಕೆಲಸ ಮಾತ್ರ ಬಹುಪಾಲು ಹೊಸದು. ಪಿಯುಸಿವರೆಗೆ ಒಂದು ಪಠ್ಯಪುಸ್ತಕವಿತ್ತು, ಪಾಠದ ಕೊನೆಗೆ ಪ್ರಶ್ನೆಗಳಿದ್ದವು, ಉತ್ತರ ಎಷ್ಟನೆಯ ಪುಟದಲ್ಲಿದೆಯೆಂದು ಮೇಷ್ಟ್ರು ಗುರುತು ಹಾಕಿಸುತ್ತಿದ್ದರು. ಇನ್ನು ಮುಂದೆ "ಇದರ ಬಗ್ಗೆ ಓದಿಕೊಂಡು ಬನ್ನಿ" ಎಂಬ ಮಾತನ್ನು ಹೆಚ್ಚು ಕೇಳುತ್ತೀರಿ. ಏನು ಓದಬೇಕು, ಎಷ್ಟು ಓದಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನೀವೇ ತೀರ್ಮಾನಿಸಬೇಕು. ಆಗ ಕೈ ಫೋನಿನ ಕಡೆಗೆ ಹೋಗುವುದು ಸಹಜ. ಹೋಗಲಿ. ಆದರೆ ಅಲ್ಲಿ ನಮ್ಮ ಮನಸ್ಸಿಗೆ ಏನಾಗುತ್ತದೆ ಎಂಬುದನ್ನು ಮೊದಲೇ ಸ್ವಲ್ಪ ತಿಳಿದುಕೊಂಡಿದ್ದರೆ ಮುಂದಿನ ಮೂರು ವರ್ಷ ನಿಮಗೆ ಉಪಯೋಗವಾಗುತ್ತದೆ.

ಮಾಹಿತಿ ಇಷ್ಟು ಸುಲಭವಾಗಿ ಸಿಗುವುದೇ ಓದಿಗೆ ಅಡ್ಡಿಯಾಗಬಲ್ಲದೇ? ನಾನು ಕೇಳುತ್ತಿರುವುದು ರೀಲ್ಸ್, ಆಟ, ಚಾಟಿಂಗುಗಳ ಬಗ್ಗೆ ಅಲ್ಲ. ಅವು ಹೊತ್ತು ತಿನ್ನುತ್ತವೆಂದು ನಿಮಗೆ ಗೊತ್ತೇ ಇದೆ, ಮನೆಯಲ್ಲೂ ಸಾಕಷ್ಟು ಹೇಳಿದ್ದಾರೆ. ವಿಷಯಕ್ಕೆ ಸಂಬಂಧಪಟ್ಟ, ನಿಜವಾದ, ಒಳ್ಳೆಯ ಮಾಹಿತಿಯೇ ಅಡ್ಡಿಯಾಗಬಹುದೇ ಎಂಬುದು ನನ್ನ ಪ್ರಶ್ನೆ. ಆಗಬಹುದು ಎಂದೇ ನನ್ನ ನಂಬಿಕೆ. ಹೇಗೆ ಎನ್ನುವುದನ್ನು ಒಂದು ಉದಾಹರಣೆ ಹಿಡಿದು ನಿಧಾನವಾಗಿ ನೋಡೋಣ.

ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ ಶಾಸನದ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಅದನ್ನು ಓದಿ ಲೋಕಕ್ಕೆ ತಿಳಿಸಿದವರು ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಎಂ.ಎಚ್. ಕೃಷ್ಣ. ಇಲಾಖೆಯ 1936ರ ವಾರ್ಷಿಕ ವರದಿಯಲ್ಲಿ ಅದರ ವಿವರ ಬಂತು. ಹದಿನಾರೇ ಸಾಲಿನ ಚಿಕ್ಕ ಶಾಸನ. ಹೊಸ ವಿದ್ಯಾರ್ಥಿಗಳಿಗೆ ನಾನು ಇದರ ಮೇಲೆ ಒಂದು ಪ್ರಶ್ನೆ ಕೊಡುವುದುಂಟು: ಈ ಶಾಸನದಲ್ಲಿ ಯಾರಿಗೆ ಏನನ್ನು ಕೊಟ್ಟಿದ್ದಾರೆ, ಏಕೆ ಕೊಟ್ಟಿದ್ದಾರೆ?

ಮರುದಿನ ಬರುವ ಉತ್ತರಗಳು ಹೆಚ್ಚುಕಡಿಮೆ ಒಂದೇ ರೀತಿ ಇರುತ್ತವೆ. "ಕನ್ನಡದ ಮೊದಲ ಶಾಸನ, ಸುಮಾರು ಕ್ರಿ.ಶ. 450, ಕದಂಬರ ಕಾಕುಸ್ಥವರ್ಮನ ಕಾಲದ್ದು." ಚರ್ಚೆಗೆ ಜಾಗವಿದ್ದರೂ ಇದನ್ನು ಸುಳ್ಳೆನ್ನಲಾಗದು. ಹುಡುಕಿದ ಕೂಡಲೇ ಪರದೆಯ ಮೇಲ್ಭಾಗದಲ್ಲಿ ಕಾಣುವ ಸಂಗತಿ ಇದೇ. ಆದರೆ ನಾನು ಕೇಳಿದ್ದು ಇದನ್ನಲ್ಲ. ಶಾಸನದ ಪಾಠವನ್ನೇ ತೆರೆದು ಸಾಲುಸಾಲಾಗಿ ನೋಡಿದ್ದರೆ ಬೇರೆಯದೇ ಒಂದು ಜಗತ್ತು ಕಾಣುತ್ತಿತ್ತು. ಕೇಕಯರು ಮತ್ತು ಪಲ್ಲವರ ಎದುರು ಕಾದಿದ ವಿಜ ಅರಸನೆಂಬ ವೀರನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಬಾಳ್ಗಳ್ಚಾಗಿ, ಅಂದರೆ ಯುದ್ಧದಿಂದ ಮರಳಿದ ವೀರನ ಕತ್ತಿ ತೊಳೆದು ಮಾಡುವ ಗೌರವದ ಕೊಡುಗೆಯಾಗಿ ಬಿಟ್ಟುಕೊಟ್ಟರು. ಆ ಕಾಲದ ಯುದ್ಧ, ಭೂಮಿ, ಮಾನ ಮೂರೂ ಆ ಒಂದು ಕೊಡುಗೆಯಲ್ಲಿವೆ. ಮೊದಲು ಸಿಕ್ಕ ಉತ್ತರ ನಮ್ಮನ್ನು ಅಲ್ಲಿಗೆ ಹೋಗಗೊಡಲಿಲ್ಲ. ಏನೋ ಸಿಕ್ಕಿತು ಎಂಬ ಸಮಾಧಾನ ಪ್ರಶ್ನೆಯನ್ನೇ ಮರೆಸಿತು.

ಇದು ಬೇಗ ನಿಂತುಬಿಟ್ಟವರ ಕಥೆ. ನಿಲ್ಲದೆ ಮುಂದೆ ಹೋದವರ ಕಥೆ ಇನ್ನೊಂದು. ಹಲ್ಮಿಡಿಯ ಪುಟದಲ್ಲಿ ಕದಂಬರು ಎಂಬ ನೀಲಿ ಅಕ್ಷರದ ಕೊಂಡಿ ಇರುತ್ತದೆ. ಒತ್ತಿದರೆ ಬನವಾಸಿ. ಬನವಾಸಿ ಎಂದರೆ ಪಂಪ ನೆನಪಾಗಬೇಕು, ಪಂಪನ ಪುಟಕ್ಕೆ ಒಂದು ಸುತ್ತು ಹೋಗಿಬರುತ್ತೇವೆ. ಮತ್ತೆ ಕದಂಬರಿಗೆ ಬಂದರೆ ವಂಶದ ಮೂಲಪುರುಷ ಮಯೂರಶರ್ಮ. ಅವನ ಹೆಸರಿನ ಪಕ್ಕದಲ್ಲೇ 1975ರಲ್ಲಿ ತೆರೆಗೆ ಬಂದ 'ಮಯೂರ' ಚಿತ್ರ, ರಾಜ್‌ಕುಮಾರ್. ಅದಕ್ಕೆ ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿ ಆಧಾರವೆಂದು ತಿಳಿದು ಸಂತೋಷವಾಗುತ್ತದೆ. ಚಿತ್ರದ ಹಾಡು ಯೂಟ್ಯೂಬಿನಲ್ಲಿದೆ, ಕೇಳದೆ ಇರಲಾಗುವುದಿಲ್ಲ. ಹಾಡು ಮುಗಿಯುವ ಮುಂಚೆಯೇ ಬಲಗಡೆ ಇನ್ನೂ ಹತ್ತು ಹಾಡು ಸಾಲುಗಟ್ಟಿರುತ್ತವೆ.

ಈ ದಾರಿಯಲ್ಲಿ ನೀವು ಇಟ್ಟ ಯಾವ ಹೆಜ್ಜೆಯೂ ತಪ್ಪಲ್ಲ, ಇದನ್ನು ಚೆನ್ನಾಗಿ ಗಮನಿಸಿ. ಪ್ರತಿಯೊಂದೂ ಹಿಂದಿನದಕ್ಕೆ ಹೊಂದಿಕೊಂಡೇ ಇದೆ. ಇತಿಹಾಸದ ವಿದ್ಯಾರ್ಥಿ ಬನವಾಸಿಯನ್ನೂ ತಿಳಿಯಬೇಕು, ಪಂಪನನ್ನೂ ಓದಬೇಕು. ಅದಕ್ಕೇ ಈ ಬಗೆಯ ಅಡ್ಡಿಯನ್ನು ಗುರುತಿಸುವುದು ಕಷ್ಟ. ರೀಲ್ಸ್ ನೋಡುತ್ತಾ ಕೂತವರಿಗೆ ತಾವು ಓದುತ್ತಿಲ್ಲವೆಂಬ ಅರಿವು ಒಳಗೆಲ್ಲೋ ಇರುತ್ತದೆ. ಕೊಂಡಿಯಿಂದ ಕೊಂಡಿಗೆ ಹೋಗುವವರಿಗೆ ಓದುತ್ತಿದ್ದೇನೆ ಎನ್ನಿಸುತ್ತಲೇ ಇರುತ್ತದೆ. ಎರಡು ಗಂಟೆ ಕಳೆದ ಮೇಲೆ ವಿಜ ಅರಸನ ಬಗ್ಗೆ ಒಂದು ವಾಕ್ಯ ಬರೆಯಲು ಕೂತಾಗ ಮಾತ್ರ ಕೈ ನಿಲ್ಲುತ್ತದೆ.

ಹೀಗೇಕಾಗುತ್ತದೆ? ನಮ್ಮ ಮನಸ್ಸು ಒಂದು ಗಳಿಗೆಯಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಬಹಳ ಕಡಿಮೆ. 1956ರಲ್ಲಿ ಜಾರ್ಜ್ ಮಿಲ್ಲರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಅದನ್ನು ಸುಮಾರು ಏಳು ಎಂದಿದ್ದರು. 2001ರಲ್ಲಿ ನೆಲ್ಸನ್ ಕೋವನ್ ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ನೋಡಿ ನಾಲ್ಕರ ಆಸುಪಾಸು ಎಂದರು. ಯಾರಿಗೆ, ಏನನ್ನು, ಏಕೆ ಎಂದು ನನ್ನ ಪ್ರಶ್ನೆಯೇ ಮೂರು ಜಾಗ ಹಿಡಿದಿರುವಾಗ ಪಂಪನಿಗೂ ಮಯೂರಶರ್ಮನಿಗೂ ಜಾಗ ಕೊಡಬೇಕಾದರೆ ಯಾವುದೋ ಒಂದು ಹೊರಗೆ ಹೋಗಲೇಬೇಕು. ಸಾಮಾನ್ಯವಾಗಿ ಹೋಗುವುದು ಮೂಲ ಪ್ರಶ್ನೆಯೇ. ಅದು ಹಳೆಯದು, ಇವು ಹೊಸವು.

ಇನ್ನೊಂದು ಕಾರಣವನ್ನು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ವಿವರಿಸಿದರು. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ನಮ್ಮ ಗಮನ ಪೂರ್ತಿ ನಮ್ಮ ಜೊತೆ ಬರುವುದಿಲ್ಲ, ಒಂದಷ್ಟು ಹಿಂದಿನ ಕೆಲಸದಲ್ಲೇ ಉಳಿದುಬಿಡುತ್ತದೆ. ಹಾಗಾಗಿ ಎರಡನೆಯ ಕೆಲಸವೂ ಸೊರಗುತ್ತದೆ. ಕದಂಬರ ಪುಟವನ್ನು ಅರ್ಧ ಓದಿ ಪಂಪನಿಗೆ, ಪಂಪನನ್ನು ಅರ್ಧ ಓದಿ ಮಯೂರಶರ್ಮನಿಗೆ ಹೋದರೆ ಯಾವುದರಲ್ಲೂ ನಾವು ಪೂರ್ತಿ ಇರುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಕಂಪ್ಯೂಟರಿನಲ್ಲಿ ಕೆಲಸ ಮಾಡುವವರನ್ನು ಬಹಳ ವರ್ಷ ಗಮನಿಸಿದವರು. 2004ರಲ್ಲಿ ಜನರ ಗಮನ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿತ್ತು, 2012ರಲ್ಲಿ 75 ಸೆಕೆಂಡು, ಈಚಿನ ವರ್ಷಗಳಲ್ಲಿ 47 ಸೆಕೆಂಡಿನ ಸುಮಾರು ಎಂದು ಅವರು ಬರೆದಿದ್ದಾರೆ. 47 ಸೆಕೆಂಡಿನಲ್ಲಿ ಹದಿನಾರು ಸಾಲಿನ ಶಾಸನವನ್ನು ಒಮ್ಮೆ ಕಣ್ಣಾಡಿಸಿ ನೋಡಬಹುದಷ್ಟೆ, ಹಳಗನ್ನಡದ ಒಂದು ಸಾಲನ್ನೂ ಬಿಡಿಸಿ ಓದಲಾಗದು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಬೇರೆಯೇ ಒಂದು ಸಂಗತಿ. ಹುಡುಕಿದ್ದು ಸಿಕ್ಕಿತು ಎನ್ನುವುದಕ್ಕೂ ಅದು ನನಗೆ ತಿಳಿಯಿತು ಎನ್ನುವುದಕ್ಕೂ ಒಳಗೆ ಆಗುವ ಅನುಭವ ಬಹುಮಟ್ಟಿಗೆ ಒಂದೇ. ಯೇಲ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಫಿಶರ್ ಮತ್ತು ಜೊತೆಗಾರರು 2015ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಕೆಲವರಿಗೆ ಕೆಲವು ಪ್ರಶ್ನೆಗಳ ವಿವರಣೆಯನ್ನು ಇಂಟರ್ನೆಟ್ಟಿನಲ್ಲಿ ಹುಡುಕಲು ಹೇಳಿದರು, ಇನ್ನು ಕೆಲವರಿಗೆ ಹುಡುಕಬೇಡಿ ಎಂದರು. ಆಮೇಲೆ ಆ ಪ್ರಶ್ನೆಗಳಿಗೆ ಏನೂ ಸಂಬಂಧವಿಲ್ಲದ ಬೇರೆ ವಿಷಯಗಳನ್ನು ಮುಂದಿಟ್ಟು, ಇವನ್ನು ನೀವು ಎಷ್ಟು ಚೆನ್ನಾಗಿ ವಿವರಿಸಬಲ್ಲಿರಿ ಎಂದು ಎರಡೂ ಗುಂಪನ್ನು ಕೇಳಿದರು. ಹುಡುಕಿದವರು ತಮಗೆ ಹೆಚ್ಚು ಗೊತ್ತಿದೆ ಎಂದುಕೊಂಡರು. ಹುಡುಕಾಟದಲ್ಲಿ ಸರಿಯಾದ ಉತ್ತರ ಸಿಗದಿದ್ದಾಗಲೂ ಹೀಗೇ ಆಯಿತು. ಫೋನಿನೊಳಗಿನ ತಿಳಿವಳಿಕೆಯನ್ನು ನಮ್ಮ ತಲೆಯೊಳಗಿನದೆಂದು ನಾವು ಎಣಿಸಿಬಿಡುತ್ತೇವೆ. ಪರೀಕ್ಷೆಯ ಹಿಂದಿನ ರಾತ್ರಿ "ಎಲ್ಲಾ ಓದಿದೀನಿ ಸರ್" ಎಂದ ಮಕ್ಕಳು ಮರುದಿನ ಖಾಲಿ ಹಾಳೆಯೆದುರು ಪೆಚ್ಚಾಗಿ ಕೂರುವುದನ್ನು ನೋಡಿದ್ದೇನೆ. ಅವರು ಸುಳ್ಳು ಹೇಳಿರಲಿಲ್ಲ, ಅವರಿಗೆ ನಿಜವಾಗಿಯೂ ಹಾಗೆ ಅನ್ನಿಸಿತ್ತು.

ನೆನಪಿನ ಬಗ್ಗೆಯೂ ಒಂದು ಪ್ರಯೋಗವಿದೆ. 2011ರಲ್ಲಿ ಬೆಟ್ಸಿ ಸ್ಪ್ಯಾರೋ ಮತ್ತು ಇಬ್ಬರು ಸಹಸಂಶೋಧಕರು 'ಸೈನ್ಸ್' ಪತ್ರಿಕೆಯಲ್ಲಿ ಬರೆದದ್ದು. ಜನರಿಂದ ಸಣ್ಣಪುಟ್ಟ ಸಂಗತಿಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿ, ಇದು ಉಳಿಯುತ್ತದೆ ಎಂದು ಅರ್ಧ ಜನಕ್ಕೂ ಅಳಿಸಿಹೋಗುತ್ತದೆ ಎಂದು ಇನ್ನರ್ಧ ಜನಕ್ಕೂ ಹೇಳಿದರು. ಅಳಿಸಿಹೋಗುತ್ತದೆ ಎಂದು ನಂಬಿದವರಿಗೆ ಹೆಚ್ಚು ನೆನಪಿತ್ತು. ಅದೇ ಲೇಖನದ ಬೇರೊಂದು ಪ್ರಯೋಗವನ್ನು ಇತರರು ಮತ್ತೆ ಮಾಡಿದಾಗ ಮೊದಲಿನ ಫಲಿತಾಂಶ ಬರಲಿಲ್ಲವೆಂದು 2018ರಲ್ಲಿ ಪ್ರಕಟವಾಯಿತು. ಇದನ್ನೂ ಹೇಳುವುದು ನನ್ನ ಕರ್ತವ್ಯ, ಏಕೆಂದರೆ "ಗೂಗಲ್ ನಮ್ಮ ನೆನಪನ್ನು ತಿಂದುಹಾಕಿದೆ" ಎಂಬ ದೊಡ್ಡ ಮಾತುಗಳಿಗೆ ಈ ಸಂಶೋಧನೆಯನ್ನೇ ಆಧಾರವಾಗಿ ಕೊಡುವವರಿದ್ದಾರೆ. ಅಷ್ಟು ದೊಡ್ಡ ಮಾತಿಗೆ ಆಧಾರ ಸಾಲದು. ನಾಳೆಯೂ ಅಲ್ಲೇ ಇರುತ್ತದೆ ಎಂದುಕೊಂಡದ್ದನ್ನು ಮನಸ್ಸು ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ ಎಂಬಷ್ಟನ್ನು ಮಾತ್ರ ಇಟ್ಟುಕೊಳ್ಳೋಣ.

ನಿಮ್ಮ ಫೋನಿನ ಗ್ಯಾಲರಿ ತೆರೆದು ನೋಡಿ. ಬೋರ್ಡಿನ ಫೋಟೋಗಳು, ಗೆಳತಿಯ ನೋಟ್ಸಿನ ಫೋಟೋಗಳು ಎಷ್ಟಿವೆ? ಟೆಲಿಗ್ರಾಂ ಗುಂಪುಗಳಿಂದ ಇಳಿಸಿಕೊಂಡ ಪಿಡಿಎಫ್‌ಗಳಲ್ಲಿ ತೆರೆದವು ಯಾವುವು? ಇಳಿಸಿಕೊಂಡ ಕ್ಷಣ ಒಂದು ನೆಮ್ಮದಿ ಬರುತ್ತದೆ, ಓದುವ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಲಿಂಡಾ ಹೆಂಕೆಲ್ ಎಂಬವರು ವಸ್ತುಸಂಗ್ರಹಾಲಯವೊಂದರಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫೋಟೋ ತೆಗೆದುಕೊಂಡ ವಸ್ತುಗಳಿಗಿಂತ ಸುಮ್ಮನೆ ನಿಂತು ನೋಡಿದ ವಸ್ತುಗಳು ಜನರಿಗೆ ಚೆನ್ನಾಗಿ ನೆನಪಿದ್ದವು. ಆದರೆ ಒಂದು ಭಾಗವನ್ನು ಆರಿಸಿ ಹತ್ತಿರದಿಂದ ಫೋಟೋ ತೆಗೆದವರ ನೆನಪಿಗೆ ಕುಂದು ಬರಲಿಲ್ಲ. ನನಗೆ ಆ ಎರಡನೆಯ ಸಂಗತಿಯೇ ಹೆಚ್ಚು ಮುಖ್ಯವೆನ್ನಿಸುತ್ತದೆ. ಕ್ಯಾಮೆರಾದಲ್ಲಿ ದೋಷವಿಲ್ಲ. ಇದರಲ್ಲಿ ನನಗೆ ಬೇಕಾದದ್ದು ಯಾವುದು ಎಂದು ಒಂದು ಗಳಿಗೆ ಯೋಚಿಸಿದ್ದೀರಾ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಇಷ್ಟು ಹೇಳಿದ್ದರಿಂದ ಇಂಟರ್ನೆಟ್ಟಿಲ್ಲದ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುತ್ತಿದ್ದೇನೆಂದು ತಿಳಿಯಬೇಡಿ. ಆ ಕಾಲವನ್ನು ಕಂಡವರು ಹಾಗೆ ಹೇಳಲಾರರು. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಮೊದಲ ಸಂಪುಟ ಬಂದದ್ದು 1886ರಲ್ಲಿ. ನಮ್ಮ ನಾಡಿನ ಸಾವಿರಾರು ಶಾಸನಗಳು ಆ ಸಂಪುಟಗಳಲ್ಲಿವೆ. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಓದುತ್ತಿದ್ದವರು ಅವುಗಳ ಮುಖ ನೋಡಬೇಕಾದರೆ ಮೈಸೂರಿಗೋ ಧಾರವಾಡಕ್ಕೋ ಹೋಗಬೇಕಿತ್ತು. ಬಸ್ ಚಾರ್ಜು, ಉಳಿದುಕೊಳ್ಳಲು ನೆಂಟರ ಮನೆ, ಗ್ರಂಥಾಲಯದ ಒಳಗೆ ಬಿಡಲು ಯಾರದಾದರೂ ಪತ್ರ, ಇಷ್ಟೆಲ್ಲ ಬೇಕಿತ್ತು. ಎಷ್ಟೋ ಹೆಣ್ಣುಮಕ್ಕಳನ್ನು ಮನೆಯಲ್ಲಿ ಅಷ್ಟು ದೂರ ಕಳಿಸುತ್ತಲೇ ಇರಲಿಲ್ಲ. ಇವತ್ತು ಅವೇ ಸಂಪುಟಗಳು ಆರ್ಕೈವ್ ಡಾಟ್ ಆರ್ಗ್ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಮಂಗಳೂರಿನ ಬಾಸೆಲ್ ಮಿಶನ್ 1894ರಲ್ಲಿ ಅಚ್ಚು ಮಾಡಿದ ಕಿಟ್ಟೆಲ್ ನಿಘಂಟು ಸಿಗುತ್ತದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ, ಒಂದೂವರೆ ಲಕ್ಷ ಪದಗಳಷ್ಟಿರುವ 'ಅಲರ್' ಕನ್ನಡ–ಇಂಗ್ಲಿಷ್ ನಿಘಂಟು 2019ರಿಂದ ಎಲ್ಲರಿಗೂ ತೆರೆದಿದೆ. ಹೊಲದ ಬದುವಿನ ಮೇಲೆ ಕೂತು ಶಾಸನದ ಒಂದು ಶಬ್ದಕ್ಕೆ ಅರ್ಥ ನೋಡಬಹುದಾದ ಈ ಕಾಲವನ್ನು ನಾನು ಭಾಗ್ಯವೆಂದೇ ಕರೆಯುತ್ತೇನೆ.

ಆದರೂ ಆ ಹಳೆಯ ಕಷ್ಟ ಒಂದು ಕೆಲಸ ಮಾಡುತ್ತಿತ್ತು. ಮೈಸೂರಿಗೆ ಹೋಗುವವರು ಏನು ನೋಡಬೇಕೆಂದು ಚೀಟಿಯಲ್ಲಿ ಬರೆದುಕೊಂಡೇ ಬಸ್ ಹತ್ತುತ್ತಿದ್ದರು. ಒಂದು ದಿನದಲ್ಲಿ ಮುಗಿಸಬೇಕು, ಮತ್ತೆ ಬರುವುದು ಯಾವಾಗಲೋ. ಬಸ್ಸಿನಲ್ಲಿ ಕೂತ ನಾಲ್ಕೈದು ಗಂಟೆ ಆ ಪ್ರಶ್ನೆ ತಲೆಯಲ್ಲೇ ಸುತ್ತುತ್ತಿತ್ತು, ಹೀಗಿರಬಹುದೇ ಹಾಗಿರಬಹುದೇ ಎಂದು ಊಹೆಗಳು ಹುಟ್ಟುತ್ತಿದ್ದವು. ಸಂಪುಟ ಕೈಗೆ ಬರುವ ಹೊತ್ತಿಗೆ ಅವರಿಗೆ ಏನು ಬೇಕೆಂಬುದು ಖಚಿತವಾಗಿರುತ್ತಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಬೆಲೆ ಕುಸಿಯುವವರೆಗೆ ಫೋನಿನಲ್ಲೂ ಸ್ವಲ್ಪ ಹೀಗೇ ಇತ್ತು. ತಿಂಗಳಿಗೆ ಒಂದು ಜಿಬಿ ಹಾಕಿಸಿಕೊಂಡವರು ಎಣಿಸಿ ಎಣಿಸಿ ಹುಡುಕುತ್ತಿದ್ದರು. ಪ್ರಶ್ನೆಗೂ ಉತ್ತರಕ್ಕೂ ನಡುವೆ ಇದ್ದ ಆ ಬಿಡುವಿನಲ್ಲೇ ಯೋಚನೆ ನಡೆಯುತ್ತಿತ್ತು. ಈಗ ಆ ಬಿಡುವು ಇಲ್ಲ. ಅದನ್ನು ನಾವು ಬೇಕೆಂದೇ ಮಾಡಿಕೊಳ್ಳಬೇಕಾಗಿದೆ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ, ಉಳಿದದ್ದು ಅದಕ್ಕೆ ದಾರಿ.

ಮಾಹಿತಿ ಹೆಚ್ಚಾಯಿತೆಂಬ ಕೊರಗು ಹಳೆಯದು. ಯುರೋಪಿನಲ್ಲಿ ಅಚ್ಚಿನ ಯಂತ್ರ ಬಂದು ನೂರು ವರ್ಷ ತುಂಬುವ ಮೊದಲೇ, 1545ರಲ್ಲಿ, ಕಾನ್ರಾಡ್ ಗೆಸ್ನರ್ ಎಂಬ ಸ್ವಿಸ್ ವಿದ್ವಾಂಸ ಪುಸ್ತಕಗಳು ಮಿತಿಮೀರಿ ಹೆಚ್ಚುತ್ತಿವೆ ಎಂದು ಕೊರಗಿ, ಅವನ್ನೆಲ್ಲ ಪಟ್ಟಿ ಮಾಡುವ ಒಂದು ದೊಡ್ಡ ಸೂಚಿಯನ್ನೇ ಬರೆದ. 1971ರಲ್ಲಿ ಹರ್ಬರ್ಟ್ ಸೈಮನ್ ಇದನ್ನು ಅರ್ಥಶಾಸ್ತ್ರದ ಲೆಕ್ಕದಲ್ಲಿ ವಿವರಿಸಿದರು. ಮಾಹಿತಿ ಬಳಸಿಕೊಳ್ಳುವುದು ಜನರ ಗಮನವನ್ನು, ಹಾಗಾಗಿ ಮಾಹಿತಿ ಸಮೃದ್ಧವಾದಷ್ಟೂ ಗಮನಕ್ಕೆ ಬರ ಬರುತ್ತದೆ ಎಂದರು. ಅವರಿಗೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆದರೆ ಗೆಸ್ನರನ ಕಾಲದ ಪುಸ್ತಕ ಕಪಾಟಿನಲ್ಲಿ ಸುಮ್ಮನೆ ಇರುತ್ತಿತ್ತು, ನೀವು ಹೋಗಿ ತೆಗೆಯುವವರೆಗೂ ಕಾಯುತ್ತಿತ್ತು. ನಿಮ್ಮ ಕೈಯಲ್ಲಿರುವುದು ಕಾಯುವುದಿಲ್ಲ. ಪುಟದ ಕೊನೆಯೇ ಬರದಂತೆ ಕೆಳಗೆ ಕೆಳಗೆ ಸರಿಯುತ್ತಾ ಹೋಗುವ ಏರ್ಪಾಟನ್ನು 2006ರಲ್ಲಿ ರೂಪಿಸಿದ ಆಜಾ ರಾಸ್ಕಿನ್ ಅವರೇ ಆಮೇಲೆ ಅದಕ್ಕಾಗಿ ಬಹಿರಂಗವಾಗಿ ವಿಷಾದಪಟ್ಟಿದ್ದಾರೆ. ಪುಸ್ತಕದ ಅಧ್ಯಾಯ ಮುಗಿದಾಗ "ಇಲ್ಲಿಗೆ ಸಾಕೇ?" ಎಂದು ಕೇಳಿಕೊಳ್ಳಲು ಒಂದು ಜಾಗವಿರುತ್ತದೆ. ಇಲ್ಲಿ ಆ ಜಾಗವನ್ನು ತೆಗೆದುಹಾಕಿದ್ದಾರೆ. ನಿಮಗೆ ಫೋನ್ ಇಡಲು ಆಗದಿದ್ದರೆ ಅದಕ್ಕೆ ನಿಮ್ಮ ಮನಸ್ಸಿನ ದೌರ್ಬಲ್ಯವೊಂದೇ ಕಾರಣವೆಂದು ನೊಂದುಕೊಳ್ಳಬೇಡಿ. ನಿಮ್ಮನ್ನು ಅಲ್ಲೇ ಇರಿಸಿಕೊಳ್ಳಲು ಬಹಳ ಬುದ್ಧಿವಂತರು ಸಂಬಳ ಪಡೆದು ಕೆಲಸ ಮಾಡುತ್ತಿದ್ದಾರೆ.

ಇನ್ನು ದಾರಿಯ ಮಾತು. ಫೋನ್ ಮುಟ್ಟುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಪ್ರಶ್ನೆಯನ್ನು ಪೂರ್ತಿ ವಾಕ್ಯದಲ್ಲಿ ಬರೆಯಿರಿ. "ಹಲ್ಮಿಡಿ ಶಾಸನ" ಎಂದು ಬರೆದರೆ ಅದು ಪ್ರಶ್ನೆಯಲ್ಲ. "ಹಲ್ಮಿಡಿ ಶಾಸನದಲ್ಲಿ ಊರುಗಳನ್ನು ಪಡೆದವನು ಯಾರು, ಅವನು ಏನು ಮಾಡಿದ್ದ?" ಎಂದು ಬರೆದರೆ ಪ್ರಶ್ನೆ. ಅದರ ಕೆಳಗೆ ನಿಮ್ಮ ಊಹೆಯನ್ನು ಬರೆಯಿರಿ. ಗೊತ್ತಿಲ್ಲದಿದ್ದರೂ ಬರೆಯಿರಿ. ದೇವಸ್ಥಾನಕ್ಕೆ ಕೊಟ್ಟಿರಬಹುದು, ಬ್ರಾಹ್ಮಣರಿಗೆ ಕೊಟ್ಟಿರಬಹುದು, ಏನಾದರೂ ಸರಿ. ಹೊಸ ಮಕ್ಕಳು ಇಲ್ಲೇ ಹೆಚ್ಚು ಅಂಜುವುದು, ತಪ್ಪು ಬರೆದರೆ ಅದೇ ತಲೆಯಲ್ಲಿ ಕೂತುಬಿಟ್ಟರೆ ಎಂದು. ಹಾಗಾಗುವುದಿಲ್ಲ. ನೇಟ್ ಕಾರ್ನೆಲ್, ಹೇಯ್ಸ್ ಮತ್ತು ರಾಬರ್ಟ್ ಬ್ಯೋರ್ಕ್ 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮೊದಲು ಊಹಿಸಿ ತಪ್ಪಿ ಆಮೇಲೆ ಸರಿಯುತ್ತರ ಕಂಡವರಿಗೆ, ಊಹಿಸದೆ ನೇರವಾಗಿ ಉತ್ತರ ಓದಿದವರಿಗಿಂತ ಚೆನ್ನಾಗಿ ನೆನಪುಳಿಯಿತು. ದೇವಸ್ಥಾನಕ್ಕೆ ಕೊಟ್ಟಿರಬೇಕು ಎಂದು ಬರೆದ ಹುಡುಗಿ, ಅದು ಯುದ್ಧ ಮಾಡಿ ಬಂದವನಿಗೆ ಸಿಕ್ಕ ಗೌರವ ಎಂದು ಓದಿದಾಗ ಒಂದು ಕ್ಷಣ ತಡೆದು ನಿಲ್ಲುತ್ತಾಳೆ. ಹಾಗೆ ನಿಂತು ಓದಿದ್ದು ಮರೆಯುವುದಿಲ್ಲ.

ಅದೇ ಹಾಳೆಯ ಬಲಗಡೆ ಒಂದು ಗೆರೆ ಎಳೆದು ಸ್ವಲ್ಪ ಜಾಗ ಬಿಡಿ. ಹುಡುಕುವಾಗ ಪಂಪ ಕರೆದರೆ ಅಲ್ಲಿ "ಪಂಪ – ಬನವಾಸಿ" ಎಂದು ಬರೆದು ನಿಮ್ಮ ದಾರಿಯಲ್ಲಿ ಮುಂದೆ ಹೋಗಿ. ಮಯೂರಶರ್ಮನಿಗೂ ಅಲ್ಲೇ ಜಾಗ. ಕುತೂಹಲವನ್ನು ಅದುಮಿಡಬಾರದು, ಅದು ನಿಮ್ಮ ದೊಡ್ಡ ಆಸ್ತಿ. ಅದಕ್ಕೆ ಬೇರೆ ಹೊತ್ತು ಕೊಡಿ, ಭಾನುವಾರ ಮಧ್ಯಾಹ್ನ ಆ ಬಲಗಡೆಯ ಪಟ್ಟಿಯನ್ನು ಹಿಡಿದು ಮನಸ್ಸು ಬಂದಂತೆ ಸುತ್ತಾಡಿ. ಗುರಿಯಿಲ್ಲದೆ ಅಲೆಯುವುದರಿಂದಲೂ ಒಳ್ಳೆಯ ಪ್ರಶ್ನೆಗಳು ಹುಟ್ಟುತ್ತವೆ. ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಹೊರಟ ಹೊತ್ತಿನಲ್ಲಿ ಮಾತ್ರ ಅಲೆದಾಟ ಬೇಡ.

ಬೇಕಾದ ಪುಟ ಸಿಕ್ಕಮೇಲೆ ಓದಿ, ಫೋನನ್ನು ಮಗುಚಿಟ್ಟು, ಏನು ತಿಳಿಯಿತೆಂದು ನೋಡದೆ ಬರೆಯಿರಿ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಇದನ್ನು ಅಳೆದು ನೋಡಿದ್ದಾರೆ. ಒಂದು ಗುಂಪು ಪಾಠವನ್ನು ಮತ್ತೆ ಓದಿತು, ಇನ್ನೊಂದು ಗುಂಪು ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಓದಿದವರೇ ಮುಂದು, ಒಂದು ವಾರದ ನಂತರ ಕೇಳಿದರೆ ನೆನಪಿನಿಂದ ಬರೆದವರು ಬಹಳ ಮುಂದು. ಫೋನನ್ನು ಸಾಧ್ಯವಾದರೆ ಬೇರೆ ಕೋಣೆಯಲ್ಲೇ ಇಡಿ ಎಂದೂ ಸಲಹೆ ಕೊಡುತ್ತೇನೆ. ಫೋನು ಮೌನವಾಗಿ ಮೇಜಿನ ಮೇಲಿದ್ದವರಿಗಿಂತ ಬೇರೆ ಕೋಣೆಯಲ್ಲಿಟ್ಟವರು ನೆನಪು ಮತ್ತು ತರ್ಕದ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದರೆಂದು 2017ರಲ್ಲಿ ಏಡ್ರಿಯನ್ ವಾರ್ಡ್ ಮತ್ತು ಸಂಗಡಿಗರು ಬರೆದರು. ಮುಂದಿನ ಅಧ್ಯಯನಗಳೆಲ್ಲ ಅದನ್ನು ಒಪ್ಪಿಲ್ಲ, ಆದರೂ ಮಾಡಿ ನೋಡಲು ಖರ್ಚೇನೂ ಇಲ್ಲ.

ಈಗ ನಾನು ಮೇಲೆ ಹೇಳಿದ್ದಕ್ಕೆ ವಿರುದ್ಧವಾಗಿ ಕಾಣುವ ಒಂದು ಮಾತು. ಕೆಲವೊಮ್ಮೆ ಇದ್ದ ಪುಟವನ್ನು ಬಿಟ್ಟು ಬೇರೆ ಪುಟಗಳಿಗೆ ಹೋಗಲೇಬೇಕು, ಬೇಗನೆ ಹೋಗಬೇಕು. ಸ್ಟ್ಯಾನ್‌ಫರ್ಡಿನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ 45 ಜನರನ್ನು ಕೂರಿಸಿಕೊಂಡು, ಅವರು ಜಾಲತಾಣಗಳನ್ನು ಹೇಗೆ ಅಳೆಯುತ್ತಾರೆಂದು ನೋಡಿದರು. ಹತ್ತು ಮಂದಿ ಇತಿಹಾಸದಲ್ಲಿ ಪಿಎಚ್‌ಡಿ ಪಡೆದವರು, ಹತ್ತು ಮಂದಿ ಸುದ್ದಿಯ ಸತ್ಯಾಸತ್ಯ ಪರಿಶೀಲಿಸುವ ವೃತ್ತಿಯವರು, ಇಪ್ಪತ್ತೈದು ವಿದ್ಯಾರ್ಥಿಗಳು. ಇತಿಹಾಸಕಾರರೂ ವಿದ್ಯಾರ್ಥಿಗಳೂ ಪುಟವನ್ನು ಮೇಲಿಂದ ಕೆಳಗೆ ಶ್ರದ್ಧೆಯಿಂದ ಓದಿ, ಅಂದವಾದ ಲೋಗೊ, ಗಂಭೀರವಾದ ಹೆಸರು ನೋಡಿ ಎಷ್ಟೋ ಸಲ ಮೋಸಹೋದರು. ಪರಿಶೀಲಕರು ಪುಟ ತೆರೆದ ಸ್ವಲ್ಪ ಹೊತ್ತಿಗೇ ಅದನ್ನು ಬಿಟ್ಟು ಹೊಸ ಟ್ಯಾಬುಗಳನ್ನು ತೆರೆದರು, ಇದನ್ನು ನಡೆಸುವವರು ಯಾರು, ದುಡ್ಡು ಎಲ್ಲಿಂದ, ಬೇರೆಯವರು ಏನು ಹೇಳುತ್ತಾರೆ ಎಂದು ನೋಡಿದರು. ಕಡಿಮೆ ಹೊತ್ತಿನಲ್ಲಿ ಸರಿಯಾದ ತೀರ್ಮಾನಕ್ಕೆ ಬಂದವರು ಅವರೇ. ಹೊರಗಿನಿಂದ ನೋಡಿದರೆ ಅವರ ಟ್ಯಾಬುಗಳೂ ಅಲೆದಾಡುವವರ ಟ್ಯಾಬುಗಳೂ ಒಂದೇ ರೀತಿ ಕಾಣುತ್ತವೆ. ಅವರ ತಲೆಯಲ್ಲಿ "ಇದನ್ನು ನಂಬಬಹುದೇ?" ಎಂಬ ಒಂದೇ ಪ್ರಶ್ನೆ ಗಟ್ಟಿಯಾಗಿ ಕೂತಿತ್ತು, ಪ್ರತಿ ಟ್ಯಾಬೂ ಅದಕ್ಕೇ ದುಡಿಯುತ್ತಿತ್ತು.

ಇದು ಹಲ್ಮಿಡಿಗೂ ಅನ್ವಯಿಸುತ್ತದೆ. "ಕನ್ನಡದ ಮೊದಲ ಶಾಸನ" ಎಂಬ ಮಾತನ್ನು ಒಂದೇ ಪುಟದಲ್ಲಿ ಓದಿ ನಿಂತವರಿಗೆ ತಾಳಗುಂದದ ಸಂಗತಿ ತಿಳಿಯುವುದಿಲ್ಲ. ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕವಿ ಕುಬ್ಜ ರಚಿಸಿದ ಸಂಸ್ಕೃತದ ಸ್ತಂಭಶಾಸನ ಹಿಂದಿನಿಂದಲೂ ಪ್ರಸಿದ್ಧ. ಅಲ್ಲಿನ ಪ್ರಣವೇಶ್ವರ ದೇವಾಲಯದ ಆವರಣದಲ್ಲಿ ಈಚೆಗೆ, 2013ರ ಸುಮಾರಿನಲ್ಲಿ, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಉತ್ಖನನ ನಡೆಸಿದಾಗ ಸಿಂಹಕಟಾಂಜನದ ಮೇಲೆ ಒಂದು ಶಾಸನ ಸಿಕ್ಕಿತು. ಅದು ಕ್ರಿ.ಶ. 370ರ ಸುಮಾರಿನದೆಂದು, ಹಾಗಾಗಿ ಹಲ್ಮಿಡಿಗಿಂತ ಹಳೆಯದೆಂದು ಇಲಾಖೆಯವರು ಹೇಳಿದ್ದಾರೆ. ಹಲ್ಮಿಡಿಯದೇ ಕಾಲವನ್ನು 450ಕ್ಕಿಂತ ಈಚೆಗೆ ತಂದ ವಿದ್ವಾಂಸರೂ ಇದ್ದಾರೆ. ಈ ಚರ್ಚೆಯ ಎರಡೂ ಕಡೆಯನ್ನು ಒಂದು ಸಂಜೆಯಲ್ಲಿ, ನಿಮ್ಮ ಹಾಸ್ಟೆಲಿನ ಕೋಣೆಯಲ್ಲೇ ಕೂತು ನೋಡಬಹುದು. ಸುಲಭವಾಗಿ ಸಿಗುವ ಮಾಹಿತಿಯ ಒಳ್ಳೆಯ ಮುಖ ಇದು, ಹಿಂದೆ ಇಷ್ಟು ಓದಲು ವರ್ಷಗಳು ಹಿಡಿಯುತ್ತಿದ್ದವು.

ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳ ಬಗ್ಗೆ ನೀವು ಕೇಳಿಯೇ ಕೇಳುತ್ತೀರಿ. ಅಲ್ಲಿ ಕೊಂಡಿಗಳ ಅಲೆದಾಟ ಕಡಿಮೆ, ಬೇರೊಂದು ತೊಂದರೆ ಹೆಚ್ಚು. ಕೇಳಿದ ಕೂಡಲೇ ಪೂರ್ತಿ ಬರೆದ, ಅಚ್ಚುಕಟ್ಟಾದ ಉತ್ತರ ಬರುತ್ತದೆ. ಅದರಲ್ಲಿ ತಪ್ಪಿದ್ದರೂ ದನಿ ಅಷ್ಟೇ ಖಚಿತವಾಗಿರುತ್ತದೆ. ಶಾಸನದ ಸಾಲುಗಳನ್ನು ಕೇಳಿದರೆ ಇಲ್ಲದ ಸಾಲನ್ನು ಕಟ್ಟಿಕೊಡುವುದೂ ಉಂಟು. ಅದನ್ನು ಬಳಸುವುದಾದರೆ ನಿಮ್ಮ ಊಹೆಯನ್ನು ಬರೆದ ಮೇಲೆ ಬಳಸಿ, ಬಂದ ಉತ್ತರವನ್ನು ಶಾಸನದ ಅಚ್ಚಾದ ಪಾಠದ ಜೊತೆ ಹೋಲಿಸಿ. ನಿಮಗೆ ಬದಲಾಗಿ ಪ್ರಬಂಧ ಬರೆದುಕೊಡು ಎಂದು ಕೇಳಬೇಡಿ. ಬರೆಯುವಾಗ ಒಂದು ವಾಕ್ಯ ಸಿಗದೆ ನೀವು ಪಡುವ ಪಾಡೇ ಆ ಹೊತ್ತಿನ ಕಲಿಕೆ, ಅದನ್ನು ಇನ್ನೊಬ್ಬರಿಗೆ ಒಪ್ಪಿಸಿದರೆ ನಿಮ್ಮ ಬಳಿ ಉಳಿಯುವುದು ಅಂಕ ಮಾತ್ರ. ಮನೆಯಲ್ಲಿ ಒಂದೇ ಫೋನಿದ್ದು ರಾತ್ರಿ ಅಪ್ಪ ಬಂದಮೇಲೆ ಅರ್ಧ ಗಂಟೆ ಸಿಗುವವರೂ ನಿಮ್ಮಲ್ಲಿದ್ದಾರೆ. ಅಂಥವರು ತಾವು ಹಿಂದೆ ಬಿದ್ದೆವೆಂದು ಕುಗ್ಗಬೇಡಿ. ಸಂಜೆಯೇ ಪ್ರಶ್ನೆ, ಊಹೆ ಬರೆದಿಟ್ಟುಕೊಂಡರೆ ಆ ಅರ್ಧ ಗಂಟೆ ಸಾಕಾಗುತ್ತದೆ. ಸಾಲದಿದ್ದರೆ ಕಾಲೇಜಿನ ಗ್ರಂಥಾಲಯದ ಕಂಪ್ಯೂಟರಿದೆ, ಇಲ್ಲವೇ ನನ್ನ ಬಳಿ ಬನ್ನಿ.

ಮುಂದಿನ ವಾರಕ್ಕೆ ಒಂದು ಕೆಲಸ ಕೊಡುತ್ತೇನೆ. ಹಲ್ಮಿಡಿ ಶಾಸನದಲ್ಲಿ ಇಸವಿ ಬರೆದಿಲ್ಲ. ಹಾಗಿದ್ದರೆ ಅದು ಸುಮಾರು 450ರದೆಂದು ವಿದ್ವಾಂಸರು ಯಾವ ಆಧಾರದ ಮೇಲೆ ಹೇಳಿದರು? ಫೋನ್ ತೆರೆಯುವ ಮುಂಚೆ ಹತ್ತು ನಿಮಿಷ ಯೋಚಿಸಿ, ಕಲ್ಲನ್ನು ನೋಡಿ ಕಾಲವನ್ನು ಊಹಿಸಲು ಏನೇನು ಸುಳಿವು ಸಿಗಬಹುದೆಂದು ಬರೆಯಿರಿ. ಆಮೇಲೆ ಹುಡುಕಿ. ಬಲಗಡೆಯ ಪಟ್ಟಿ ಸಮೇತ ಹಾಳೆಯನ್ನು ಸೋಮವಾರ ತನ್ನಿ. ಊಹೆ ತಪ್ಪಾಗಿದೆಯೆಂದು ಗೊತ್ತಾದರೆ ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ, ಮೊದಲು ಬರೆದದ್ದನ್ನು ಅಳಿಸಬೇಡಿ. ನಾನು ಮೊದಲು ಓದುವುದು ಅದನ್ನೇ.